ತೋಟದ ತಮಟೆ, ಊರಿನ ತಮಟೆ

ಹೋದ ವರ್ಷ ಏಪ್ರಿಲ್‌ನಲ್ಲಿ ಮಗಳನ್ನು ಹತ್ತು ದಿನದ ಬೇಸಿಗೆ ಶಿಬಿರಕ್ಕೆ ಸೇರಿಸಿದ್ದೆ. ಬೆಂಗಳೂರಲ್ಲಲ್ಲ, ನಮ್ಮೂರ ಕಡೆ. ಮದ್ದೂರಿನಿಂದ ಮಳವಳ್ಳಿಗೆ ಹೋಗೋ ದಾರಿಯಲ್ಲಿ ಒಂದು ತೋಟ. ತೆಂಗು, ಮಾವು, ನಾಲ್ಕಾರು ಹಲಸಿನ ಮರ, ನಡುವೆ ಸೋಗೆ ಹೊದಿಸಿದ ಚಪ್ಪರ. ಬೇಸಿಗೆ ಬಂತೆಂದರೆ ಸುತ್ತಮುತ್ತಲಿನ ಕಲಾವಿದರನ್ನು ಕರೆಸಿ ಅಲ್ಲಿ ಮಕ್ಕಳಿಗೆ ತರಗತಿ ನಡೆಸುತ್ತಾರೆ. ಬೆಳಗ್ಗೆ ಮಣ್ಣಿನ ಗೊಂಬೆ, ಆಮೇಲೆ ಚಿತ್ರ, ಕೀಬೋರ್ಡ್. ಮಜ್ಜಿಗೆ ಕುಡಿದ ಮೇಲೆ ಕೋಲಾಟ. ಬಿಸಿಲು ಇಳಿದ ಮೇಲೆ ತಮಟೆ.

ಆ ಹತ್ತು ದಿನ ನಾನು ಅಮ್ಮನ ಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಸಂಜೆ ನಾಲ್ಕೂವರೆಗೆ ಒಂದು ಕಾಲ್ ಮುಗಿಸಿ, ಮಗಳನ್ನು ಕರೆತರೋ ನೆಪದಲ್ಲಿ ಬೇಗನೇ ತೋಟಕ್ಕೆ ಹೋಗಿಬಿಡುತ್ತಿದ್ದೆ. ನಿಜ ಹೇಳಬೇಕೆಂದರೆ ತಮಟೆ ಕೇಳೋದಕ್ಕೆ.

ಇಂಥ ಶಿಬಿರಗಳು ನಮ್ಮ ಕಡೆ ಹೊಸದೇನಲ್ಲ. ಮೈಸೂರಿನ ರಂಗಾಯಣದಲ್ಲಿ ಬೇಸಿಗೆ ಬಂತೆಂದರೆ ಚಿಣ್ಣರ ಮೇಳ. ಬೆಂಗಳೂರಿಂದ ಮದ್ದೂರಿಗೆ ಬರೋ ದಾರಿಯಲ್ಲೇ, ರಾಮನಗರದ ಹತ್ತಿರ, ಜಾನಪದ ಲೋಕ ಇದೆ. ಅದನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು ನಮ್ಮ ಮಂಡ್ಯ ಜಿಲ್ಲೆಯವರೇ, ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯವರು. ಐಎಎಸ್ ಅಧಿಕಾರಿಯಾಗಿದ್ದ ಮನುಷ್ಯ ಹಳ್ಳಿ ಹಳ್ಳಿ ಸುತ್ತಿ ಪದ, ಕತೆ, ವಾದ್ಯ, ಒನಕೆ, ಬೀಸೋಕಲ್ಲು ಎಲ್ಲವನ್ನೂ ಕೂಡಿಹಾಕಿದರು. ಅವರು ಹಾಗೆ ಮಾಡದೇ ಹೋಗಿದ್ದರೆ ಅದರಲ್ಲಿ ಎಷ್ಟೋ ಇವತ್ತು ಇರುತ್ತಿರಲಿಲ್ಲ. ಆದ್ದರಿಂದ ನಾನು ಮುಂದೆ ಹೇಳೋದನ್ನು ಇಂಥ ಜಾಗಗಳ ಮೇಲಿನ ದೂರು ಅಂದ್ಕೋಬೇಡಿ. ದೂರು ಇರೋದು ಬೇರೆಯವರ ಮೇಲೆ.

ತಮಟೆ ಕಲಿಸೋಕೆ ಬರುತ್ತಿದ್ದವರಿಗೆ ಐವತ್ತೈದು ದಾಟಿರಬೇಕು. ಮಕ್ಕಳಿಗೆಲ್ಲ ಫೈಬರ್ ಹಾಳೆಯ ತಮಟೆ. ಅವರದ್ದು ಮಾತ್ರ ಚರ್ಮದ್ದು. ಪಾಠ ಶುರುವಾಗೋಕೆ ಮುಂಚೆ ಒಣಗಿದ ತೆಂಗಿನ ಗರಿ ಒಟ್ಟಿ ಬೆಂಕಿ ಹಚ್ಚಿ, ತಮಟೆಯನ್ನು ಅದರ ಮುಂದೆ ಹಿಡಿದು ತಿರುಗಿಸಿ ತಿರುಗಿಸಿ ಕಾಯಿಸುತ್ತಿದ್ದರು. ಚರ್ಮ ಬಿಗಿಯಾದ ಹಾಗೆ ನಡುನಡುವೆ ಬೆರಳಲ್ಲಿ ತಟ್ಟಿ ನೋಡೋರು. ಆಮೇಲೆ ಒಂದು ಕೈಯಲ್ಲಿ ದಪ್ಪನೆಯ ಮೋಟುಕಡ್ಡಿ, ಇನ್ನೊಂದರಲ್ಲಿ ತೆಳ್ಳನೆಯ ಉದ್ದ ಕಡ್ಡಿ. ಮೊದಲ ಪೆಟ್ಟು ಬಿದ್ದರೆ ಸಾಕು, ಅತ್ತ ಮೊಬೈಲ್ ನೋಡುತ್ತಾ ನಿಂತ ಅಪ್ಪಂದಿರ ಕಾಲು ಕೂಡ ತಾನಾಗೇ ಕುಣಿಯೋದು.

ಒಂದು ಸಣ್ಣ ವಿಷಯ ನನ್ನ ಗಮನಕ್ಕೆ ಬಂದಿದ್ದು ಮೂರನೇ ದಿನ. ಕೀಬೋರ್ಡ್ ಕಲಿಸೋರನ್ನು ಮಕ್ಕಳು ‘ಸರ್’ ಅನ್ನುತ್ತಿದ್ದರು. ಇವರನ್ನು ‘ತಮಟೆ ಅಂಕಲ್’ ಅನ್ನುತ್ತಿದ್ದರು. ಹಾಗೆ ಕರೀರಿ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

*

ನನಗೆ ಆಗ ಏಳೋ ಎಂಟೋ ವರ್ಷ. ಊರಲ್ಲಿ ಮಾರಮ್ಮನ ಹಬ್ಬ. ರಾತ್ರಿ ಗುಡಿ ಮುಂದೆ ಹೀಗೇ ಬೆಂಕಿ ಹಾಕಿಕೊಂಡು ತಮಟೆಯವರು ಕಾಯಿಸುತ್ತಿದ್ದರು. ಒಬ್ಬರು ತಮಟೆ ಕೆಳಗಿಟ್ಟು ಬೀಡಿ ಹಚ್ಚೋಕೆ ಪಕ್ಕಕ್ಕೆ ಹೋದರು. ನಾನು ಅದನ್ನೆತ್ತಿಕೊಂಡು ನಾಲ್ಕು ಪೆಟ್ಟು ಹೊಡೆದೆ. ಅಷ್ಟೇ.

ತಾತ ಹೊಡೆಯಲಿಲ್ಲ, ಬೈಯಲೂ ಇಲ್ಲ. ಅಮ್ಮ ಕೈ ಹಿಡಿದು ಮನೆಗೆ ಕರೆದುಕೊಂಡು ಹೋಗಿ, ಬಾಗಿಲಾಚೆಯೇ ನಿಲ್ಲಿಸಿ, ತಲೆ ಮೇಲೆ ಎರಡು ಬಿಂದಿಗೆ ನೀರು ಸುರಿದು ಒಳಗೆ ಬಿಟ್ಟರು. ಅದೂ ನನಗೆ ಅಷ್ಟಾಗಿ ನೆನಪಿಲ್ಲ. ನೆನಪಿರೋದು ಆ ಮನುಷ್ಯ ಓಡಿಬಂದು ತಾತನ ಮುಂದೆ ಕೈಮುಗಿದು ಹೇಳಿದ ಮಾತು: “ಮಗ ಗೊತ್ತಿಲ್ದೆ ಮುಟ್ಬುಡ್ತು ಬುದ್ದಿ, ನಂದೇ ತಪ್ಪು.”

ಮುಟ್ಟಿದ್ದು ನಾನು. ತಪ್ಪು ಕೇಳಿದ್ದು ಅವರು.

ಈಗ ನನ್ನ ಮಗಳು ಅದೇ ವಯಸ್ಸಲ್ಲಿ, ಅದೇ ತಮಟೆಯನ್ನು, ಫೀಸು ಕಟ್ಟಿ ಕಲಿತಿದ್ದಾಳೆ. ಹತ್ತನೇ ದಿನ ಸರ್ಟಿಫಿಕೇಟ್ ಕೊಟ್ಟರು. ಸ್ಟೇಟಸ್‌ಗೆ ಹಾಕಿದ ವಿಡಿಯೋಗೆ ಆಫೀಸಿನವರೆಲ್ಲ ಬೆಂಕಿ ಎಮೋಜಿ ಒತ್ತಿದರು. ಕಾಲ ಬದಲಾಯಿತು ಅಂತ ಖುಷಿಪಟ್ಟು ಸುಮ್ಮನಾಗಬಹುದಿತ್ತು. ಆಗೋಕೆ ಬಿಡಲಿಲ್ಲ ಒಂದು ಮಾತು.

ಆರನೇ ದಿನ ಅಂತ ಕಾಣುತ್ತೆ. ಅವರು ತಮಟೆ ಕಾಯಿಸುತ್ತಿದ್ದಾಗ ಹೋಗಿ ಪಕ್ಕ ಕೂತು ಕೇಳಿದೆ: “ಮಗನಿಗೂ ಕಲಿಸಿದ್ದೀರಾ ಅಣ್ಣ?”

“ಇಲ್ಲ ಸಾ. ಅವನು ಐಟಿಐ ಮಾಡವ್ನೆ. ಇದನ್ನ ಮುಟ್ಟಲ್ಲ. ಮುಟ್‌ಬ್ಯಾಡ ಅಂತ ನಾನೇ ಯೋಳಿವ್ನಿ.”

ನಾನು ಪೇಟೆಯವರು ಕೇಳೋ ಪ್ರಶ್ನೆಯನ್ನೇ ಕೇಳಿದೆ. “ಇಷ್ಟು ಚೆನ್ನಾಗಿ ಬಾರಿಸ್ತೀರಿ. ನಿಮ್ಮ ನಂತರ ಈ ಕಲೆ ನಿಂತುಹೋಗಲ್ವಾ?”

ಅವರು ನಕ್ಕರು. “ನಿಮ್ ಮಗಳು ಕಲೀತಾವ್ಳಲ್ಲ ಸಾ, ಬುಡಿ.” ಆಮೇಲೆ ತಮಟೆ ತಿರುಗಿಸುತ್ತಾ, ನನ್ನ ಮುಖ ನೋಡದೆ ಹೇಳಿದರು: “ನಿಮ್ ಮಗಳು ಬಾರ್ಸುದ್ರೆ ಚಪ್ಪಾಳೆ ಹೊಡೀತಾರೆ. ನನ್ ಮಗ ಬಾರ್ಸುದ್ರೆ ನಾಳಿಕೆ ಸಾವಿಗೆ ಕರೀತಾರೆ.”

*

ಒಂದು ವರ್ಷದಿಂದ ಈ ಮಾತನ್ನು ತಲೆಯಲ್ಲಿಟ್ಟುಕೊಂಡು ತಿರುಗುತ್ತಿದ್ದೇನೆ.

ಮಗಳಿಗೂ ಆ ಹುಡುಗನಿಗೂ ಇರೋ ವ್ಯತ್ಯಾಸ ಏನು? ವಾದ್ಯ ಒಂದೇ, ಪೆಟ್ಟು ಒಂದೇ. ನನ್ನ ಮಗಳು ಬೇಜಾರಾದ ದಿನ ತಮಟೆ ಕೆಳಗಿಡಬಹುದು. ಮುಂದಿನ ಬೇಸಿಗೆಗೆ ರೋಬೋಟಿಕ್ಸ್ ಸೇರಬಹುದು. ತಮಟೆ ಬಾರಿಸಿದಳು ಅಂತ ಯಾರೂ ಅವಳನ್ನು ತಮಟೆಯವಳು ಅನ್ನೋದಿಲ್ಲ. ಆ ಹುಡುಗ ಒಂದು ಸಲ ಕೈಗೆತ್ತಿಕೊಂಡರೆ ಅದು ಅವನ ಹೆಸರಾಗುತ್ತದೆ, ಅಪ್ಪನ ಹೆಸರಾಗುತ್ತದೆ, ಕೇರಿಯ ಹೆಸರಾಗುತ್ತದೆ. ಸಾವಿನ ಮನೆಯಿಂದ ಹೇಳಿಕಳಿಸಿದರೆ ಆಗಲ್ಲ ಅನ್ನೋದು ಕಷ್ಟವಾಗುತ್ತದೆ. ಇದು ನಮ್ಮ ಜಿಲ್ಲೆಯ ಕತೆ ಮಾತ್ರ ಅಲ್ಲ. ತಮಿಳುನಾಡಿನಲ್ಲಿ ಇದರ ಅಣ್ಣತಮ್ಮನಂತಿರೋ ವಾದ್ಯ ಪರೈ. ಅದರ ಹೆಸರು ಹೊತ್ತ ಜಾತಿಯ ಹೆಸರಿಂದಲೇ ಇಂಗ್ಲಿಷಿನವರು ‘ಪರಯ್ಯಾ’ ಅನ್ನೋ ಪದ ಮಾಡಿಕೊಂಡರು. ಅರ್ಥ, ಎಲ್ಲರೂ ದೂರ ಇಟ್ಟವನು. ವಾದ್ಯ ಬಾರಿಸೋರ ಜಾತಿಯ ಹೆಸರು ಜಗತ್ತಿನ ಬೈಗುಳ ಆಯಿತು.

ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿತು. 23ನೇ ವಿಧಿ ಬಿಟ್ಟಿ ಚಾಕರಿ ಕೂಡದು ಅಂದಿತು. ಅಂದರೆ ಬೇಡ ಅನ್ನೋ ಹಕ್ಕು ಕಾಗದದ ಮೇಲೆ ಬಂದು ಎಪ್ಪತ್ತು ವರ್ಷ ದಾಟಿದೆ. ಆ ಹಕ್ಕನ್ನು ಒಬ್ಬ ಅಪ್ಪ ತನ್ನ ಮಗನ ಕೈಲಿ ಬಳಸಿಸುತ್ತಿದ್ದಾನೆ. ನಾನು ಪಕ್ಕದಲ್ಲಿ ಕೂತು, ಅಯ್ಯೋ ಕಲೆ ಹೋಯ್ತಲ್ಲ ಅಂತ ಮರುಗುತ್ತಿದ್ದೇನೆ. ನನ್ನ ಮರುಕಕ್ಕೆ ಏನು ಬೆಲೆ?

ಹಾಗಂತ ತಮಟೆ ಬಿಡೋದೊಂದೇ ಸರಿಯಾದ ದಾರಿ ಅಂತಲೂ ಹೇಳಲಾರೆ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರು ತಮಟೆಯನ್ನೇ ಹಿಡಿದು, 2023ರಲ್ಲಿ ಪದ್ಮಶ್ರೀ ತೆಗೆದುಕೊಂಡರು. ಅವರು ಹಿಡಿದಿದ್ದೂ ಸರಿ, ನಮ್ಮ ತೋಟದವರು ಮಗನಿಗೆ ಬಿಡಿಸಿದ್ದೂ ಸರಿ. ಹಿಡಿಯಬೇಕೋ ಬಿಡಬೇಕೋ ಅಂತ ತೀರ್ಮಾನ ಮಾಡೋದು ಯಾರು ಅನ್ನೋದೇ ಪ್ರಶ್ನೆ. ಅವರೇ ಮಾಡಿದರೆ ಎರಡೂ ಘನತೆಯೇ. ಊರು ಮಾಡಿದರೆ ಎರಡೂ ಶಿಕ್ಷೆ.

ಹಾಗಾದರೆ ನನ್ನ ಮಗಳು ತಮಟೆ ಮುಟ್ಟಲೇಬಾರದಿತ್ತಾ? ಇದನ್ನೂ ಯೋಚಿಸಿದೆ. ಅದನ್ನು ಅವರವರೇ ಬಾರಿಸಲಿ ಅಂದರೆ ನಮ್ಮ ತಾತ ಹೇಳಿದ್ದನ್ನೇ ಇಂಗ್ಲಿಷ್ ಕಲಿತ ಬಾಯಲ್ಲಿ ಹೇಳಿದ ಹಾಗೆ. ಎಲ್ಲರೂ ಬಾರಿಸಲಿ, ಹಳೇದೆಲ್ಲ ಯಾಕೆ ಅಂದರೆ, ಆ ಎರಡು ಬಿಂದಿಗೆ ನೀರಿನ ಲೆಕ್ಕವನ್ನು ನನ್ನಷ್ಟಕ್ಕೆ ನಾನೇ ಚುಕ್ತಾ ಮಾಡಿಕೊಂಡ ಹಾಗೆ. ಟಿ.ಎಂ. ಕೃಷ್ಣ ಮೃದಂಗ ಮಾಡೋರ ಬಗ್ಗೆ ‘ಸೆಬಾಸ್ಟಿಯನ್ ಆ್ಯಂಡ್ ಸನ್ಸ್’ ಅನ್ನೋ ಪುಸ್ತಕವನ್ನು 2020ರಲ್ಲಿ ತಂದರು. ಮೃದಂಗಕ್ಕೆ ಹಸು, ಎಮ್ಮೆ, ಮೇಕೆ ಮೂರರ ಚರ್ಮವೂ ಬೇಕು. ಆ ಚರ್ಮ ಹದ ಮಾಡಿದ ಕೈಯ ಹೆಸರು ಕಛೇರಿಯಲ್ಲಿ ಕೂತವರಿಗೆ ಗೊತ್ತೇ ಇರೋದಿಲ್ಲ. ವಾದ್ಯ ಮೇಲೆ ಹೋಗುತ್ತದೆ, ಮನುಷ್ಯ ಕೆಳಗೇ ಉಳೀತಾನೆ. ನಮ್ಮ ತೋಟದಲ್ಲಿ ಆಗುತ್ತಿರೋದೂ ಅದೇ ಅಲ್ವಾ? ಚರ್ಮ ಹೋಗಿ ಫೈಬರ್ ಬಂತು, ಗುಡಿ ಹೋಗಿ ಚಪ್ಪರ ಬಂತು, ತಮಟೆ ‘ಆ್ಯಕ್ಟಿವಿಟಿ’ ಆಯಿತು. ಕಲಿಸೋರು ‘ಅಂಕಲ್’ ಆಗಿಯೇ ಉಳಿದರು.

ಸಂಬಳದ ವಿಷಯಾನೂ ಹೇಳಿಬಿಡುತ್ತೇನೆ. ಕೀಬೋರ್ಡ್‌ನವರಿಗೆ ಒಂದು ಕ್ಲಾಸಿಗೆ ಕೊಡುತ್ತಿದ್ದ ದುಡ್ಡಿನ ಅರ್ಧ ಇವರಿಗೆ. ಯಾಕೆ ಅಂತ ನಡೆಸುವವರನ್ನು ಕೇಳಿದೆ. ಕೆಟ್ಟವರಲ್ಲ ಅವರು. “ಅವರೇ ಅಷ್ಟು ಕೇಳಿದ್ದು ಸರ್” ಅಂದರು. ನಿಜವೇ ಇರಬೇಕು. ನಮಗೂ ಗೊತ್ತಲ್ಲ ಈ ಆಟ. ಹೊಸ ಕಂಪನಿಗೆ ಹೋದಾಗ ಎಚ್‌ಆರ್ ಮೊದಲು ಕೇಳೋದೇ ಹಳೇದರಲ್ಲಿ ಎಷ್ಟಿತ್ತು ಅಂತ. ಅದರ ಮೇಲೆ ಶೇಕಡಾ ಇಷ್ಟು ಅಂತ ಹಾಕಿ ಆಫರ್ ಕೊಡುತ್ತಾರೆ. ಒಂದು ಸಲ ಕಮ್ಮಿಗೆ ಸೇರಿದವನು ಕೊನೇವರೆಗೂ ಕಮ್ಮಿಯಲ್ಲೇ. ಇದು ಅನ್ಯಾಯ ಅಂತ ನಾವು ಕ್ಯಾಂಟೀನಿನಲ್ಲಿ ಗಂಟೆಗಟ್ಟಲೆ ಮಾತಾಡಿದ್ದೇವೆ. ಆ ಮನುಷ್ಯನ ‘ಹಳೇ ಸಂಬಳ’ ಏನಿತ್ತು? ಸುಗ್ಗಿಯಲ್ಲಿ ಅಂಗಳದಾಚೆ ನಿಂತು ಹಾಕಿಸಿಕೊಂಡ ನಾಲ್ಕು ಮೊರ ಭತ್ತ. ಅದರ ಮೇಲೆ ಶೇಕಡಾ ಇಷ್ಟು ಅಂತ ಹಾಕುತ್ತಾ ಬಂದರೆ ಎಷ್ಟಾಗುತ್ತೋ ಅಷ್ಟನ್ನೇ ಅವರು ಕೇಳಿದ್ದು. ಆ ಕಮ್ಮಿ ಲೆಕ್ಕದಿಂದ ನನ್ನ ಮಗಳ ಫೀಸೂ ಒಂದಿಷ್ಟು ಕಮ್ಮಿ ಆಗಿತ್ತು ಅನ್ನೋದನ್ನು ನಾನು ನಡೆಸುವವರಿಗೆ ಹೇಳಲಿಲ್ಲ.

*

ಇಷ್ಟಾದರೂ ನಾನೊಬ್ಬ ಪರವಾಗಿಲ್ಲದ ಮನುಷ್ಯ ಅಂತಲೇ ನಂಬಿಕೊಂಡಿದ್ದೆ. ಮೇ ತಿಂಗಳಲ್ಲಿ ಊರಹಬ್ಬ ಬಂತು.

ಹಿಂದಿನ ದಿನ ಜಗಲಿ ಮೇಲೆ ಎಲ್ಲ ಸೇರಿದ್ದರು. ತಮಟೆಯವರು ಈ ಸಲ ಬರಲ್ಲ ಅಂದವ್ರಂತೆ ಅನ್ನೋದೇ ಮಾತು. ಹುಡುಗರೆಲ್ಲ ಬೆಂಗಳೂರು, ಬಿಡದಿ ಅಂತ ಕೆಲಸಕ್ಕೆ ಹೋಗಿದ್ದಾರೆ, ವಯಸ್ಸಾದವರಿಗೆ ಆಗಲ್ಲ. ಡಿಜೆ ಹಾಕಿಸೋದು ಅಂತ ಆಯಿತು. ಆಗ ದೊಡ್ಡಪ್ಪ ನನ್ನ ಕಡೆ ತಿರುಗಿ ನಗುತ್ತಾ ಅಂದರು: “ನಿನ್ನ ಮಗಳು ಕಲ್ತವ್ಳಂತಲ್ಲ, ಅವಳೇ ಬಡೀಲಿ ಬುಡ್ಲಾ.”

ಎಲ್ಲರೂ ನಕ್ಕರು. ಮಗಳು ನಗಲಿಲ್ಲ, ನಿಜಕ್ಕೂ ಎದ್ದು ನಿಂತಳು. “ನಂಗೆ ಬರತ್ತೆ ತಾತ, ಮೂರು ಥರ ಬರತ್ತೆ” ಅಂದಳು.

ನಗು ನಿಂತುಹೋಯಿತು. ಒಬ್ಬರು ಎಲೆ ಅಡಿಕೆ ತಟ್ಟೆ ಎಳೆದುಕೊಂಡರು. ಅಮ್ಮ ಒಳಗಿಂದ ಬಂದು, ಮೆತ್ತಗೆ, ನನಗೆ ಮಾತ್ರ ಕೇಳೋ ಹಾಗೆ ಹೇಳಿದರು: “ತೋಟದಲ್ಲಿ ಬಾರಿಸ್ಲಿ, ಸ್ಟೇಜ್ ಮೇಲೆ ಬಾರಿಸ್ಲಿ, ನಾನೇನೂ ಅನ್ನಕಿಲ್ಲ. ಮಾರಿಗುಡಿ ಮುಂದೆ ಬ್ಯಾಡ ಕಣಪ್ಪ. ಊರು ಆಡ್ಕೊಳ್ತದೆ.”

ಆಗ ನಾನು ಏನಾದರೂ ಹೇಳಬೇಕಿತ್ತು. ಇಷ್ಟು ಹೊತ್ತು ನಿಮಗೆ ಹೇಳಿದ್ದರಲ್ಲಿ ಕಾಲುಭಾಗ ಹೇಳಿದ್ದರೂ ಸಾಕಿತ್ತು. ಫೋನ್ ಕಿವಿಗಿಟ್ಟುಕೊಂಡು, ಕಾಲ್ ಬಂದವನ ಹಾಗೆ ಹಿತ್ತಿಲ ಕಡೆ ಹೋದೆ. ಕಾಲ್ ಬಂದಿರಲಿಲ್ಲ.

ತಮಟೆ ಮೇಲಿದ್ದ ಮೈಲಿಗೆ ಹೋಯಿತು ಅಂತ ನಾನು ಅಂದುಕೊಂಡಿದ್ದೆ. ಹೋಗಿದ್ದು ತೋಟದ ಬೇಲಿ ಒಳಗೆ ಮಾತ್ರ. ಟಿಕೆಟ್ ಇರೋ ಕಡೆ, ಮೈಕ್ ಇರೋ ಕಡೆ, ನಮ್ಮನ್ನು ನಮ್ಮವರು ನೋಡದೇ ಇರೋ ಕಡೆ ನಾವು ಬಹಳ ಉದಾರಿಗಳು. ಅಪರಿಚಿತರ ಮುಂದೆ ಸಮಾನತೆ ಮಾತಾಡೋಕೆ ಏನೂ ಖರ್ಚಿಲ್ಲ. ದೊಡ್ಡಪ್ಪನ ಮುಂದೆ ಮಾತಾಡೋಕೆ ಖರ್ಚಿದೆ. ಆ ತಮಟೆಯವರ ಮಗ ತಮಟೆ ಬೇಡ ಅಂದಿದ್ದಕ್ಕೆ ತನ್ನ ಊರಲ್ಲಿ ಎಷ್ಟು ಬೆಲೆ ಕಟ್ಟಿದನೋ. ನಾನು ಜಗಲಿ ಮೇಲಿನ ಮುಜುಗರದಷ್ಟೂ ಕಟ್ಟಲಿಲ್ಲ.

ವಾಪಸು ಬೆಂಗಳೂರಿಗೆ ಹೊರಟಾಗ ಮಗಳು ಕಾರಿನ ಹಿಂದಿನ ಸೀಟಿನಿಂದ ಕೇಳಿದಳು: “ಅಪ್ಪ, ತೋಟದಲ್ಲಿ ಬಾರಿಸಬಹುದು, ಅಜ್ಜಿ ಊರಲ್ಲಿ ಯಾಕೆ ಬಾರಿಸಬಾರದು?” ಮೊದಲು, “ಅಲ್ಲಿ ಡಿಜೆ ಇತ್ತಲ್ಲ ಪುಟ್ಟ” ಅಂದೆ. ರಾಮನಗರ ಹತ್ತಿರ ಬರೋ ಹೊತ್ತಿಗೆ ನನಗೇ ನಾಚಿಕೆಯಾಗಿ, ಬಿಂದಿಗೆ ನೀರಿನ ಕತೆ ಪೂರ್ತಿ ಹೇಳಿದೆ. ಅವಳು ಕೇಳಿಸಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

“ನೀನು ಅವರಿಗೆ ಸಾರಿ ಹೇಳಿದ್ಯಾ?”

ಹೇಳಿಲ್ಲ. ಅವರು ತೀರಿಕೊಂಡು ವರ್ಷಗಳಾದವು. ಅವರ ಸಾವಿಗೆ ತಮಟೆ ಬಾರಿಸಿದ್ದು ಯಾರು ಅಂತಲೂ ನನಗೆ ಗೊತ್ತಿಲ್ಲ.

ಈ ಏಪ್ರಿಲ್‌ನಲ್ಲಿ ಮತ್ತೆ ಅದೇ ತೋಟಕ್ಕೆ ಸೇರಿಸಿದ್ದೇನೆ. ಇಬ್ಬರಿಗೂ ಒಂದೇ ಸಂಬಳ ಕೊಟ್ಟರೆ ಮಾತ್ರ, ಫೀಸು ಎಷ್ಟು ಬೇಕಾದರೂ ಹೆಚ್ಚಿಸಿ ಅಂದೆ. ಒಪ್ಪಿದ್ದಾರೆ. ಮಗಳು ಅವರನ್ನು ಮೇಷ್ಟ್ರೇ ಅನ್ನುತ್ತಾಳೆ, ಬೇರೆ ಮಕ್ಕಳೂ ಒಂದಿಬ್ಬರು ಶುರು ಮಾಡಿದ್ದಾರೆ. ಇವೆಲ್ಲ ಸುಲಭದ ಕೆಲಸ, ದುಡ್ಡಿನಲ್ಲಿ ಮಾತಿನಲ್ಲಿ ಆಗೋವು.

ಹಬ್ಬಕ್ಕೆ ಇನ್ನು ಮೂರು ವಾರ ಇದೆ. ಅಷ್ಟರೊಳಗೆ ಒಂದು ಭಾನುವಾರ ಊರಿಗೆ ಹೋಗಿ ಅಮ್ಮನ ಹತ್ತಿರ ಕೂತು ಮಾತಾಡಬೇಕು. ಆಮೇಲೆ ದೊಡ್ಡಪ್ಪನ ಹತ್ತಿರ. ಫೋನನ್ನು ಕಾರಲ್ಲೇ ಬಿಟ್ಟು ಹೋಗಬೇಕು.