ಲಕ್ಷ್ಮಣರೇಖೆ: ಗೆರೆ ಯಾರಿಗೆ?

ವಾಲ್ಮೀಕಿಯ ಅರಣ್ಯಕಾಂಡದಲ್ಲಿ ಲಕ್ಷ್ಮಣರೇಖೆ ಇಲ್ಲ. ಸೀತೆಯ ಕಟುನುಡಿಗೆ ನೊಂದ ಲಕ್ಷ್ಮಣ, ವನದೇವತೆಗಳು ಅವಳನ್ನು ಕಾಯಲೆಂದು ಹಾರೈಸಿ, ಮತ್ತೆ ಮತ್ತೆ ತಿರುಗಿ ನೋಡುತ್ತ ರಾಮನತ್ತ ಹೊರಡುತ್ತಾನೆ, ಅಷ್ಟೇ. ಗೆರೆಯ ಕಥೆ ಬೆಳೆದದ್ದು ಬಂಗಾಳಿಯ ಕೃತ್ತಿವಾಸ ರಾಮಾಯಣ, ತೆಲುಗಿನ ರಂಗನಾಥ ರಾಮಾಯಣದಂಥ ದೇಶಭಾಷಾ ಕಾವ್ಯಗಳಲ್ಲಿ. ತುಲಸೀದಾಸರ ಲಂಕಾಕಾಂಡದಲ್ಲಿ ಮಂಡೋದರಿ ಆ ಸಣ್ಣ ಗೆರೆಯನ್ನೂ ದಾಟಲಾಗದವನೆಂದು ರಾವಣನನ್ನೇ ಚುಚ್ಚುತ್ತಾಳೆ. ಅಂದರೆ ಗೆರೆ ತಡೆದದ್ದು ಅವನನ್ನು.

ಬರಬರುತ್ತ ಅರ್ಥ ತಿರುವುಮುರುವಾಯಿತು. ಹೆಣ್ಣು ಹೊಸ್ತಿಲು ದಾಟಕೂಡದೆಂಬ ಕಟ್ಟಳೆಗೆ ಈ ಮಾತೇ ಆಧಾರವಾಯಿತು. ಇದು ಕಥೆಗೆ ಬಗೆದ ಅನ್ಯಾಯವೇ ಸರಿ: ಸೀತೆ ಗೆರೆ ದಾಟಿದ್ದು ಭಿಕ್ಷೆ ಬೇಡಿ ಬಂದವನನ್ನು ಬರಿಗೈಲಿ ಕಳಿಸಬಾರದೆಂಬ ಧರ್ಮಕ್ಕಾಗಿ.

ಇಂದು ಶಾಸಕಾಂಗ, ನ್ಯಾಯಾಂಗಗಳ ಅಧಿಕಾರದ ಮಿತಿಗೂ ಇದೇ ಹೆಸರು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಘೋಷಿಸಿದ ಪ್ರಧಾನಿ, ಪ್ರತಿ ಮನೆಬಾಗಿಲಲ್ಲೂ ಲಕ್ಷ್ಮಣರೇಖೆ ಎಳೆಯಲಾಗಿದೆ ಎಂದರು.