ಇದ್ದಷ್ಟು

‘ಹಾಸಿಗೆ ಇದ್ದಷ್ಟು ಕಾಲು ಚಾಚು.’ ಈ ಗಾದೆ ಮೊದಲು ನನ್ನ ಕಿವಿಗೆ ಬಿದ್ದದ್ದು ಸೈಕಲ್ ಬೇಕೆಂದು ಹಟ ಹಿಡಿದ ದಿನ. ಆಮೇಲೆ ಶಾಲೆಯ ಪ್ರವಾಸಕ್ಕೆ ದುಡ್ಡು ಕೇಳಿದಾಗ. ಪರೀಕ್ಷೆಯಲ್ಲಿ ಗಾದೆ ವಿಸ್ತರಿಸಿ ಎಂದರೆ ಸಾಲ, ದುಂದುವೆಚ್ಚ, ಮಿತವ್ಯಯ ಎಂದು ಗೀಚಿ ಅಂಕ ಗಿಟ್ಟಿಸುತ್ತಿದ್ದೆವು. ಹೀಗೆ ‘ಆಗದು’ ಅನ್ನುವುದಕ್ಕೆ ಹಿರಿಯರು ಇಟ್ಟುಕೊಂಡ ಮರ್ಯಾದೆಯ ಮಾತಾಗಿ ಅದು ನನ್ನಲ್ಲಿ ಉಳಿಯಿತು.

ಅಜ್ಜಿ ಮಾತ್ರ ಅದನ್ನು ಬೇರೆಯೇ ಹೊತ್ತಿನಲ್ಲಿ ಆಡುತ್ತಿದ್ದಳು. ಥಂಡಿಯ ರಾತ್ರಿ ಪಡಸಾಲೆಯಲ್ಲಿ ಸಾಲಾಗಿ ಮಲಗಿದ ಮೊಮ್ಮಕ್ಕಳ ನಡುವೆ ಕಂದೀಲು ಹಿಡಿದು ಬರುವಳು. ಮೊಳಕಾಲು ಗದ್ದಕ್ಕೆ ತಾಗುವ ಹಾಗೆ ಮಲಗುವುದು ನನ್ನ ಚಾಳಿ. ‘ಯಾಕ ಹಂಗ ಮುದುಡೀದಿಯೋ? ಹಾಸಿಗಿ ಐತೆಲ್ಲ, ಇದ್ದಷ್ಟು ಕಾಲು ಚಾಚು’ ಅನ್ನುತ್ತ ಪಾದ ಹಿಡಿದು ನೆಟ್ಟಗೆ ಮಾಡುವಳು. ಅದೇ ಗಾದೆ, ಅವೇ ಪದಗಳು. ಅವಳ ಬಾಯಲ್ಲಿ ಅದು ಅಪ್ಪಣೆಯಲ್ಲ, ಪರವಾನಗಿ.

ಗಾದೆಯ ಕ್ರಿಯಾಪದವನ್ನು ನಾವು ಯಾರೂ ಸರಿಯಾಗಿ ನೋಡಲಿಲ್ಲವೇನೋ. ಅದು ‘ಮಡಚು’ ಎನ್ನುತ್ತಿಲ್ಲ, ‘ತಡೆ’ ಎನ್ನುತ್ತಿಲ್ಲ, ‘ಚಾಚು’ ಎನ್ನುತ್ತಿದೆ. ದಿನವಿಡೀ ಕಳೆ ತೆಗೆದು ಬಂದ ಮೈಗೆ ಕಾಲು ಚಾಚುವುದಕ್ಕಿಂತ ದೊಡ್ಡ ಸುಖ ಇನ್ನೇನಿದೆ? ‘ಇದ್ದಷ್ಟು’ ಎಂಬುದಕ್ಕೂ ಎರಡು ಅಂಚುಗಳಿವೆ. ಹಾಸಿಗೆ ಮೀರಿ ಚಾಚಿದವನಿಗೆ ನೆಲ ತಣ್ಣಗೆ ತಾಗುತ್ತದೆ, ಸರಿ. ಆರಡಿ ಹಾಸಿಗೆಯಲ್ಲಿ ಮೂರಡಿಯಾಗಿ ಮಲಗಿದವನೂ ಗಾದೆಯನ್ನು ಮುರಿದವನೇ. ಮೊದಲನೆಯವನಿಗೆ ಬುದ್ಧಿ ಹೇಳುವವರು ಊರ ತುಂಬ ಇದ್ದಾರೆ. ಎರಡನೆಯವನ ಕಾಲು ಹಿಡಿದು ನೆಟ್ಟಗೆ ಮಾಡಲು ಅಜ್ಜಿಯೇ ಬೇಕು.

(ಕೂಲಿ ಹೆಚ್ಚಿಸಿ ಎಂದವರಿಗೆ ಇದೇ ಗಾದೆ ಹೇಳಿ ಕಳಿಸಿದ ಧಣಿಗಳೂ ಇದ್ದಾರೆ. ಹಾಸಿಗೆಯನ್ನೇ ಕತ್ತರಿಸಿಕೊಂಡವನು ಕಾಲಿನ ಅಳತೆ ಮಾತಾಡಬಾರದು.)

ಇನ್ನು ಹಾಸಿಗೆ. ಗಾದೆಯಲ್ಲಿ ಮಂಚವಿಲ್ಲ. ಹಾಸುವುದರಿಂದ ಹಾಸಿಗೆ, ರಾತ್ರಿ ಬಿಚ್ಚಿ, ಬೆಳಿಗ್ಗೆ ಸುತ್ತಿಡುವಂಥದ್ದು. ನಮ್ಮ ಉತ್ತರ ಕರ್ನಾಟಕದ ಕಡೆ ಹಾಸಲಿಕ್ಕೂ ಹೊದೆಯಲಿಕ್ಕೂ ಕೌದಿ. ಹಳೆಯ ಸೀರೆ, ಸವೆದ ಧೋತರ, ಹರಿದ ಅಂಗಿಗಳನ್ನು ಪದರಪದರವಾಗಿ ಇಟ್ಟು ಕೈಯಿಂದ ಹೊಲಿದದ್ದು. ಒಣಗಿದಾಗ ಹೂವಿನಷ್ಟು ಹಗುರವೇನಲ್ಲ. ಒದ್ದೆಯಾದರಂತೂ ಇಬ್ಬರು ಹಿಂಡಬೇಕು. ಮಹಾನವಮಿಯ ಮುಂಚೆ ಮನೆಯ ಹಾಸಿಗೆ-ಹೊದಿಕೆಗಳೆಲ್ಲ ಹಳ್ಳಕ್ಕೆ ಹೋದರೆ ಬಂಡೆಗಳ ಮೇಲೆ ಇಡೀ ಮನೆತನದ ಬಟ್ಟೆಯ ಚರಿತ್ರೆಯೇ ಒಣಗುತ್ತಿತ್ತು. ಕೌದಿ ಸಣ್ಣದಾಯಿತೇ? ಅಂಚಿಗೆ ಇನ್ನೊಂದು ತುಂಡು. ಗಾದೆ ಹೇಳದೆ ಬಿಟ್ಟ ಮಾತನ್ನು ಸೂಜಿ ಹಿಡಿದ ಹೆಂಗಸರು ಹೀಗೆ ಪೂರ್ತಿ ಮಾಡಿದರು.

ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯದ್ದು ಇನ್ನೂ ಒಂದು ಹೆಜ್ಜೆ ಮುಂದಿನ ಮಾತು. ಆಫ್ರಿಕ ಮೂಲದ ಈ ಜನ ತುಂಡು ಬಟ್ಟೆಗಳನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿನವರೆಗೆ ಹೊಲಿದುಕೊಂಡು ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಬಣ್ಣದ ಬಟ್ಟೆಯ ಮಡಿಕೆಗಳನ್ನು ಕೂಡಿಸುತ್ತಾರೆ. ಅದಕ್ಕೆ ‘ಫೂಲ’, ಹೂವು, ಎಂದು ಹೆಸರು. ಅದರಿಂದ ಚಳಿ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಆದರೆ ಫೂಲ ಇಲ್ಲದ ಕವಂದಿ ಅವರ ಕಣ್ಣಿಗೆ ಬತ್ತಲೆ. ಚಿಂದಿಯನ್ನೇ ಹಾಸಿ ಮಲಗುವವರಿಗೆ ಮೂಲೆಯಲ್ಲೊಂದು ಹೂವು ಯಾಕೆ ಎಂದು ಕೇಳುವವನಿಗೆ ಈ ಗಾದೆ ಎಂದೂ ಅರ್ಥವಾಗದು.

ನಮ್ಮ ಮನೆಯಲ್ಲೀಗ ಆರಡಿ ಅಗಲದ ಮಂಚ. ಅದರ ಒಂದು ಅಂಚಿಗೆ, ಮೊಬೈಲಿನ ಬೆಳಕಿನಲ್ಲಿ, ಸಿಗಡಿಯಂತೆ ಡೊಂಕಾಗಿ ಮಲಗುತ್ತೇನೆ. ಹೋದ ಚಳಿಗಾಲ ಊರಿಂದ ಬಂದ ಅಪ್ಪ ಮಂಚ ಒಲ್ಲೆನೆಂದರು. ‘ನೆಲಕ್ಕ ಒಂದು ಕೌದಿ ಹಾಸಪಾ.’ ಅಟ್ಟದಿಂದ ಅಜ್ಜಿಯ ಕೌದಿ ಇಳಿಸಿ ಕೊಡವಿ ಹಾಸಿದೆ. ಕೂತು, ನೀಲಿ ಗೆರೆಯ ಒಂದು ತುಂಡನ್ನು ಬೆರಳಿನಿಂದ ಸವರಿ, ‘ಇದು ನನ್ನ ಅಂಗಿ’ ಅಂದರು. ಆಮೇಲೆ ಮೆಲ್ಲಗೆ ಒರಗಿ ಕಾಲು ಚಾಚಿದರು. ಮೊಳಕಾಲು ಲಟಕ್ ಎಂದಿತು.

‘ಶಿವನ...’ ಅಂದರು.