ನೆರಳು ಎಲ್ಲರದು, ಕೊಂಬೆ ಯಾರದು?

ಮೇ ತಿಂಗಳ ಒಂದು ಸಂಜೆ. ಆಲಿಕಲ್ಲು ಮಳೆ ಬಂದು ಹೋದ ಅರ್ಧ ಗಂಟೆಗೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೊ ಬಂತು. ಗೇಟಿನ ಮುಂದಿನ ಮಳೆಮರದ ಕೊಂಬೆಯೊಂದು ಎರಡನೇ ಮಹಡಿಯವರ ಕಾರಿನ ಮೇಲೆ ಬಿದ್ದಿತ್ತು. ಗಾಜು ಪುಡಿಪುಡಿ, ಮೇಲಿನ ತಗಡು ಒಳಕ್ಕೆ ಕುಸಿದಿತ್ತು. ಕಾರಿನಲ್ಲಿ ಯಾರೂ ಇರಲಿಲ್ಲ ಅನ್ನೋದೊಂದೇ ಪುಣ್ಯ. ಮರುದಿನ ಬೆಳಿಗ್ಗೆ ಸೆಕ್ರೆಟರಿ ಅಂಕಲ್ ಒಂದು ಅರ್ಜಿ ಹಿಡಿದು ಬಾಗಿಲು ತಟ್ಟಿದರು. ವಿಷಯ: ಅಪಾಯಕಾರಿ ಮರವನ್ನು ಬುಡಸಮೇತ ತೆರವುಗೊಳಿಸುವ ಬಗ್ಗೆ. "ಹನ್ನೆರಡು ಮನೇಲಿ ಹತ್ತು ಸೈನ್ ಆಗಿದೆ. ನೀವೂ ಒಂದು ಹಾಕ್ಬಿಡಿ."

"ನಾಳೆ ಕೊಡ್ತೀನಿ ಅಂಕಲ್" ಅಂದೆ.

ಮರದ ಮೇಲಿನ ಪ್ರೀತಿಯಿಂದ ಹಾಗಂದೆ ಅಂದುಕೊಳ್ಳಬೇಡಿ. ಹಳ್ಳಿಯಲ್ಲಿ ಬೆಳೆದವನಿಗೆ ಮರ ಕಡಿಯುವುದು ಮಹಾಪಾಪ ಅಂತೇನೂ ಅನ್ನಿಸುವುದಿಲ್ಲ. ತಿಪಟೂರು ಸೀಮೆಯ ನಮ್ಮ ತೋಟದಲ್ಲಿ ಫಸಲು ನಿಂತ ತೆಂಗನ್ನು ಅಪ್ಪ ಮುಲಾಜಿಲ್ಲದೆ ಉರುಳಿಸಿದ್ದಾರೆ. ನನ್ನ ಕೈ ತಡೆದದ್ದು ಬೇರೆ ವಿಷಯ. ಆಫೀಸಿನಲ್ಲಿ ಸಿಸ್ಟಮ್ ಬಿದ್ದರೆ ನಾವು ಮೊದಲು ಬರೆಯುವುದು ಯಾಕೆ ಬಿತ್ತು ಅಂತ. ಆ ಅರ್ಜಿಯಲ್ಲಿ ಕೊಂಬೆ ಯಾಕೆ ಬಿತ್ತು ಅನ್ನುವ ಒಂದು ಸಾಲೂ ಇರಲಿಲ್ಲ.

ಇಂದಿರಾನಗರದ ಈ ಬೀದಿಯಲ್ಲಿ ನಾಲ್ಕು ವರ್ಷದಿಂದ ಇದ್ದೇನೆ. ಆ ಮರವನ್ನು ತಲೆಯೆತ್ತಿ ನೋಡಿದ್ದು ಅವತ್ತು ಸಂಜೆಯೇ. ಬುಡದವರೆಗೂ ಕಾಂಕ್ರೀಟು, ನೀರು ಇಳಿಯಲು ಒಂದು ಗೇಣು ಮಣ್ಣೂ ಇಲ್ಲ. ಒಂದು ಪಕ್ಕ ಚರಂಡಿಗಾಗಿ ಬೇರು ಕತ್ತರಿಸಿದ್ದಾರೆ, ಇನ್ನೊಂದು ಪಕ್ಕ ಇಂಟರ್‌ನೆಟ್ ಕೇಬಲ್ಲಿಗಾಗಿ ಅಗೆದಿದ್ದಾರೆ. ಕರೆಂಟ್ ತಂತಿಗೆ ತಾಗುತ್ತದೆ ಅಂತ ಒಂದೇ ಕಡೆಯ ಕೊಂಬೆಗಳನ್ನು ಸವರಿದ್ದರಿಂದ ಭಾರವೆಲ್ಲ ನಮ್ಮ ಗೇಟಿನ ಕಡೆಗೇ ವಾಲಿದೆ. ಕಾಂಡದ ತುಂಬ ಪಿಜಿ ಬೋರ್ಡಿನ ಮೊಳೆಗಳು. ಇಷ್ಟೆಲ್ಲ ಮಾಡಿ, ಈಗ ನಾವು ಅದಕ್ಕೆ 'ಅಪಾಯಕಾರಿ' ಅಂತ ಹೆಸರಿಟ್ಟಿದ್ದೇವೆ. ಮನೆಯ ಹಿರಿಯರಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕದೆ, ಆಮೇಲೆ ಇವರ ಕೈಲಿ ಏನೂ ಆಗಲ್ಲ ಅನ್ನುವ ಹಾಗೆ.

ಈ ಮರಗಳು ತಾವಾಗಿ ಇಲ್ಲಿ ಹುಟ್ಟಿದವಲ್ಲ. ಮಳೆಮರ ದಕ್ಷಿಣ ಅಮೆರಿಕದ ಕಡೆಯದು, ಗುಲ್‌ಮೊಹರ್ ಮಡಗಾಸ್ಕರಿನದು. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗೆಲ್, ವರ್ಷವಿಡೀ ಯಾವುದಾದರೂ ಒಂದು ಮರ ಹೂ ಬಿಡುತ್ತಿರಬೇಕು ಅಂತ ಲೆಕ್ಕ ಹಾಕಿ ರಸ್ತೆಗಳಿಗೆ ಮರ ಹಂಚಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ಸುಮಾರು 15 ಲಕ್ಷ ಸಸಿಗಳು ಊರಿನ ತುಂಬ ನಾಟಿಯಾದವು. ನಮ್ಮ ಮರವೂ ಅದೇ ವಯಸ್ಸಿನದು. ಪಕ್ಕದ ಮನೆಯ ಅಜ್ಜಿ, "ನಾವು ಇಲ್ಲಿಗೆ ಬಂದಾಗ ಅದು ನನ್ನ ಸೊಂಟದಷ್ಟಿತ್ತು" ಅನ್ನುತ್ತಾರೆ. ಅಂದರೆ ಒಂದು ಇಡೀ ತಲೆಮಾರಿನ ಮರಗಳು ಒಟ್ಟೊಟ್ಟಿಗೆ ಮುದಿಯಾಗುತ್ತಿವೆ. ನೆಟ್ಟವರ ಹೆಸರು ನಮಗೆ ನೆನಪಿದೆ. ನೆಟ್ಟದ್ದನ್ನು ಮುಪ್ಪಿನಲ್ಲಿ ನೋಡಿಕೊಳ್ಳುವವರು ಯಾರು ಅಂತ ಮಾತ್ರ ನಾವು ಕೇಳಿಕೊಂಡೇ ಇಲ್ಲ.

"ಒಂದು ಕಡಿದರೆ ಹತ್ತು ನೆಡೋಣ" ಅಂತ ಗ್ರೂಪಿನಲ್ಲಿ ಒಬ್ಬರು ಬರೆದರು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಹತ್ತು ಸಸಿ ಸೇರಿದರೂ ಇನ್ನು ಕೆಲವು ವರ್ಷ ಒಂದು ಆಟೋಗೆ ನೆರಳು ಕೊಡಲಾರವು. ಹರಿಣಿ ನಾಗೇಂದ್ರ ಮತ್ತು ಅವರ ಜೊತೆಗಾರರು ಬೆಂಗಳೂರಿನ ರಸ್ತೆಗಳಲ್ಲೇ ಅಳೆದು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮರವಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣಾಂಶ 5.6 ಡಿಗ್ರಿಯವರೆಗೆ, ರಸ್ತೆಯ ಮೇಲ್ಮೈ 27.5 ಡಿಗ್ರಿಯವರೆಗೆ ಕಡಿಮೆ ಇತ್ತು. ಈ ಲಾಭವನ್ನು ಊರಾಚೆಯ ಯಾವುದೋ ಬಯಲಿನಲ್ಲಿ ಸಸಿ ನೆಟ್ಟು ಇಲ್ಲಿಗೆ ವರ್ಗಾಯಿಸಲು ಆಗುವುದಿಲ್ಲ.

ಆದರೂ ಎದುರಿನ ವಾದವನ್ನು ತಳ್ಳಿಹಾಕುವಂತಿಲ್ಲ. ಬೆಂಗಳೂರಿನಲ್ಲಿ ಮರ, ಕೊಂಬೆ ಬಿದ್ದು ಜನ ಸತ್ತಿದ್ದಾರೆ. ಮರ ಎಷ್ಟೇ ದೊಡ್ಡದಿರಲಿ, ಒಂದು ಜೀವಕ್ಕಿಂತ ದೊಡ್ಡದಲ್ಲ. ಮೂರನೇ ಮಹಡಿಯಲ್ಲಿ ಕೂತು, ಕಾರೇ ಇಲ್ಲದೆ, ವೈಟ್‌ಫೀಲ್ಡಿಗೆ ಮೆಟ್ರೊದಲ್ಲಿ ಹೋಗಿಬರುವ ನನಗೆ ಹಸಿರಿನ ಬಗ್ಗೆ ಮಾತಾಡುವುದು ಪುಕ್ಕಟೆ. ಆ ಮೆಟ್ರೊ ಹಾದಿಗಾಗಿ ಇದೇ ಸಿಎಂಎಚ್ ರಸ್ತೆಯ ಮರಗಳು ಹೋದವು. ದಿನಾ ಅದೇ ದಾರಿಯಲ್ಲಿ ಎಸಿಯಲ್ಲಿ ನಿಂತು ಹೋಗುವವನು ನಾನು.

ಹಾಗಾದರೆ ಈ ಮರದ ಬಗ್ಗೆ ಮಾತಾಡುವ ಹಕ್ಕು ಎಲ್ಲರಿಗಿಂತ ಹೆಚ್ಚು ಯಾರಿಗಿದೆ? ಅದರ ಕೆಳಗೆ ದಿನಕ್ಕೆ ಹತ್ತು ಗಂಟೆ ನಿಲ್ಲುವವರಿಗೆ. ಹಲಸೂರಿನಿಂದ ಬರುವ ಇಸ್ತ್ರಿ ಅಣ್ಣನ ತಳ್ಳುಗಾಡಿ ಆ ಮರದ ಬುಡದಲ್ಲೇ ಇರುವುದು. ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆ ಹಿಡಿದು ಏಪ್ರಿಲ್ ಬಿಸಿಲಲ್ಲಿ ನೆರಳಿಲ್ಲದೆ ನಿಲ್ಲಲು ಆಗುತ್ತದಾ? ಅರ್ಜಿಯಲ್ಲಿ ಅವರ ಸೈನ್ ಇರಲಿಲ್ಲ, ಯಾಕೆಂದರೆ ಅವರು ಹನ್ನೆರಡು ಮನೆಯಲ್ಲಿ ಒಬ್ಬರಲ್ಲ.

ಹೋಗಿ ಕೇಳಿದೆ. ಇಸ್ತ್ರಿ ನಿಲ್ಲಿಸದೆಯೇ ಹೇಳಿದರು: "ಮರ ಹೋದ್ರೆ ಅಂಗಡಿ ಹೋಗುತ್ತೆ ಸಾರ್. ಮರ ಬಿದ್ರೆ ನಾನೇ ಹೋಗ್ತೀನಿ. ಇದ್ರಲ್ಲಿ ಯಾವ್ದು ಬೇಕು ಅಂತ ಕೇಳಿದ್ರೆ ನಾನೇನ್ ಹೇಳ್ಲಿ? ಆ ಕೊಂಬೆ ಒಣಗಿ ಎರಡು ವರ್ಷ ಆಯ್ತು. ತೆಗೆಸಿ ತೆಗೆಸಿ ಅಂತ ಎಲ್ರಿಗೂ ಹೇಳ್ದೆ. ನಿಮಗೂ ಹೇಳಿದ್ನಲ್ಲ?"

ಹೇಳಿದ್ದರು. ಕಿವಿಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡೇ ತಲೆಯಾಡಿಸಿ, ಶರ್ಟು ತೆಗೆದುಕೊಂಡು ಹತ್ತಿ ಹೋಗಿದ್ದೆ. ಕೊಂಬೆ ಯಾಕೆ ಬಿತ್ತು ಅನ್ನುವ ಪ್ರಶ್ನೆಗೆ ಉತ್ತರದ ಒಂದು ಭಾಗ ನಾನೇ ಆಗಿದ್ದೆ.

ಆ ರಾತ್ರಿ ಅಪ್ಪನಿಗೆ ಫೋನು ಮಾಡಿದೆ. "ಮರ ಯಾರ್ದು?" ಅಂದರು. "ಸರ್ಕಾರದ್ದು" ಅಂದೆ. "ನೆರಳು?" "ನಮ್ದೇ." "ಬಿದ್ರೆ?" ನಾನು ಸುಮ್ಮನಾದೆ. ಊರಲ್ಲಿ ಈ ಮೂರಕ್ಕೂ ಒಂದೇ ಉತ್ತರ. ಕಾಯಿ ನಮ್ಮದು, ಗರಿ ನಮ್ಮದು, ಮರ ಮುರಿದು ಕೊಟ್ಟಿಗೆ ಮೇಲೆ ಬಿದ್ದರೆ ಹೆಂಚೂ ನಮ್ಮದೇ. ಲಾಭ ನಷ್ಟ ಒಂದೇ ಖಾತೆಯಲ್ಲಿರುವುದರಿಂದ ಅಪ್ಪ ಮರವನ್ನು ದಿನಾ ನೋಡುತ್ತಾರೆ. ಇರಿಸುವುದೋ ತೆಗೆಯುವುದೋ ಅನ್ನುವುದನ್ನು ನೋಡಿ ತೀರ್ಮಾನಿಸುತ್ತಾರೆ. ಇಲ್ಲಿ ಖಾತೆಗಳೇ ಬೇರೆ ಬೇರೆ. ನೆರಳು ಹಾದುಹೋಗುವ ಎಲ್ಲರಿಗೂ ಚೂರು ಚೂರು ಸಿಗುತ್ತದೆ. ಕೊಂಬೆ ಮಾತ್ರ ಒಬ್ಬರ ಮೇಲೆ ಇಡಿಯಾಗಿ ಬೀಳುತ್ತದೆ. ಆ ಒಬ್ಬರಿಗೆ ಮರ ಬೇಡ ಅನ್ನಿಸಿದರೆ ಅದು ಸ್ವಾರ್ಥ ಅಲ್ಲ. ಉಳಿದವರು ಅವರ ನಷ್ಟವನ್ನು ನೋಡುತ್ತ ನಿಂತು ನೆರಳಿನ ಗುಣಗಾನ ಮಾಡುವುದೇ ಸ್ವಾರ್ಥ.

ಹಾಗಾಗಿ ಎರಡು ಕೆಲಸ ಮಾಡಿದೆ. ಮೊದಲನೆಯದು ಇನ್ನೊಂದು ಅರ್ಜಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಹೇಗೂ ಅಲ್ಲಿಗೇ ಹೋಗುವ ಕಾಗದದಲ್ಲಿ 'ತೆಗೆಯಿರಿ' ಅನ್ನುವ ಬದಲು 'ಮೊದಲು ಪರೀಕ್ಷಿಸಿ' ಅಂತ ಬರೆದೆ. ಬುಡದಲ್ಲಿ ಅಣಬೆ ಎದ್ದಿದೆಯಾ, ಮಣ್ಣು ಹೊಸದಾಗಿ ಬಿರಿದಿದೆಯಾ, ವಾಲಿದ್ದು ಹೆಚ್ಚಾಗುತ್ತಿದೆಯಾ ನೋಡಿ. ಇದ್ದರೆ ಮರ ಹೋಗಲಿ, ನಾನೇ ಸೈನ್ ಹಾಕುತ್ತೇನೆ. ಇಲ್ಲದಿದ್ದರೆ ಒಣಕೊಂಬೆಗಳನ್ನು ತೆಗೆದು, ಬುಡದ ಕಾಂಕ್ರೀಟು ಒಡೆಸಿ. ಕೊಂಬೆ ಕತ್ತರಿಸುವಾಗ ಕಾಂಡಕ್ಕೆ ಸೇರುವ ಜಾಗದ ಉಬ್ಬನ್ನು ಬಿಟ್ಟು ಕತ್ತರಿಸಬೇಕು. ಮರಕ್ಕೆ ನಮ್ಮ ಹಾಗೆ ಗಾಯ ಮಾಯುವುದಿಲ್ಲ, ಕೆಟ್ಟ ಭಾಗದ ಸುತ್ತ ಒಳಗೇ ಗೋಡೆ ಕಟ್ಟಿಕೊಂಡು ಹೊರಗಿನಿಂದ ಹೊಸ ಪದರ ಬೆಳೆಸಿ ಮುಚ್ಚಿಕೊಳ್ಳುತ್ತದೆ. ಆ ಉಬ್ಬನ್ನೇ ಸವರಿದರೆ ಮುಚ್ಚಿಕೊಳ್ಳುವ ಶಕ್ತಿ ಕುಂದಿ ಕೊಳೆ ಒಳಗೆ ಇಳಿಯುತ್ತದೆ.

ಎರಡನೆಯದು ಕಷ್ಟದ್ದು. ಇನ್ಶೂರೆನ್ಸ್ ಕೊಟ್ಟದ್ದು ಕಳೆದು ಕಾರಿನವರಿಗೆ 18,000 ರೂಪಾಯಿ ಕೈಯಿಂದ ಬಿದ್ದಿತ್ತು. ಅದನ್ನು ಹನ್ನೆರಡು ಮನೆ ಹಂಚಿಕೊಳ್ಳೋಣ, ತಲಾ 1,500 ಅಂತ ಮೀಟಿಂಗಿನಲ್ಲಿ ಹೇಳಿದೆ. "ನಮ್ಮ ಕಾರಲ್ಲವಲ್ಲ" ಅಂದರು ಒಬ್ಬರು. "ಹಾಗಾದ್ರೆ ಮರಾನೂ ನಿಮ್ದಲ್ಲ, ಕಡಿಯೋಕೆ ಸೈನ್ ಯಾಕೆ ಹಾಕಿದ್ರಿ?" ಅಂತ ಪಕ್ಕದ ಫ್ಲಾಟಿನ ಆಂಟಿ ಕೇಳಿದರು. ಎಂಟು ಮನೆಯವರು ಕೊಟ್ಟರು, ನಾಲ್ವರು ಕೊಡಲಿಲ್ಲ. ಕಾರಿನವರು ದುಡ್ಡು ತೆಗೆದುಕೊಳ್ಳಲು ಸಂಕೋಚಪಟ್ಟರು. ಆಮೇಲೆ ಹೊಸ ಅರ್ಜಿಗೆ ಮೊದಲ ಸೈನ್ ಅವರೇ ಹಾಕಿದರು, ಎರಡನೆಯದು ಇಸ್ತ್ರಿ ಅಣ್ಣನದು, ತಮಿಳಿನಲ್ಲಿ.

ಒಣಕೊಂಬೆ ಇಳಿಸಿದ್ದಾರೆ. ಕಾಂಕ್ರೀಟು ಒಡೆದದ್ದು ಒಂದೂವರೆ ಅಡಿ ಮಾತ್ರ. ಈ ಮರ ಇನ್ನೂ ಎಷ್ಟು ವರ್ಷ ನಿಲ್ಲುತ್ತದೋ ನನಗೆ ಗೊತ್ತಿಲ್ಲ, ಒಂದು ದಿನ ತೆಗೆಯಲೇಬೇಕಾಗಬಹುದು. ಆ ದಿನ ನೋಡಿಕೊಂಡವರಾಗಿ ಸೈನ್ ಮಾಡುವುದಕ್ಕೂ ಹೆದರಿಕೊಂಡವರಾಗಿ ಸೈನ್ ಮಾಡುವುದಕ್ಕೂ ವ್ಯತ್ಯಾಸ ಇದೆ ಅಂತ ನಂಬಿದ್ದೇನೆ. ಈಗ ಶರ್ಟು ತರಲು ಇಳಿದಾಗ ಇಯರ್‌ಫೋನ್ ತೆಗೆಯುತ್ತೇನೆ. ಮೊನ್ನೆ ಇಸ್ತ್ರಿ ಅಣ್ಣ ಇನ್ನೊಂದು ಕೊಂಬೆ ತೋರಿಸಿದರು. ಚಿಗುರು ಬಂದಿಲ್ಲವಂತೆ.